ಒಳ್ಳೆಯದನ್ನೇ ಆರಿಸುತ್ತ ಹೋದ ಹಿಂಡು: ಅಯೋವಾದ ಒಬ್ಬ ತಳಿಗಾರನ ಪ್ರಕರಣ

ಅಮೆರಿಕದ ಅಯೋವಾ ರಾಜ್ಯದಲ್ಲಿ ಮಾಂಸದ ದನದ ತಳಿ ಸಾಕುತ್ತ, ಹಿಂಡಿನಲ್ಲಿ ಅಡಗಿದ್ದ ವಂಶವಾಹಿ ದೋಷಗಳನ್ನು ಎದುರಿಸಿದ ಒಬ್ಬರ ಪ್ರಕರಣ ಇದು. ಅವರನ್ನು ಯಜಮಾನರು ಎಂದಷ್ಟೇ ಕರೆಯುತ್ತೇನೆ. ಅವರ ಕೌಂಟಿ, ಅಂದರೆ ಜಿಲ್ಲೆ, ಯಾವುದೆಂದು ಹೇಳುವುದಿಲ್ಲ. ಹಿಂಡಿನ ಲೆಕ್ಕಗಳನ್ನು ದುಂಡಗೆ ಮಾಡಿದ್ದೇನೆ, ಮನೆಯವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬದಲಿಸದೆ ಇಟ್ಟದ್ದು ಅವರು ಯಾವಾಗ ಏನು ನಿರ್ಧರಿಸಿದರು, ಆ ಹೊತ್ತಿಗೆ ಅವರಿಗೆ ಎಷ್ಟು ತಿಳಿದಿತ್ತು ಎಂಬುದನ್ನು. ತಳಿ ಸಾಕುವವರಿಗೂ ಪಶುವೈದ್ಯರಿಗೂ ಉಪಯೋಗಕ್ಕೆ ಬರುವುದು ಅದೇ.

ಹಿನ್ನೆಲೆ

ಅಯೋವಾ ಎಂದರೆ ಚಾಪೆ ಹಾಸಿದಂಥ ಕಪ್ಪು ನೆಲ, ಕಣ್ಣು ಹಾಯುವವರೆಗೂ ಮೆಕ್ಕೆಜೋಳ ಮತ್ತು ಸೋಯಾ ಎಂದು ನಾವು ಭಾವಿಸುತ್ತೇವೆ. ರಾಜ್ಯದ ಉತ್ತರ ಮತ್ತು ನಡುಭಾಗಕ್ಕೆ ಆ ಮಾತು ಸರಿ. ದಕ್ಷಿಣದ ಅಂಚಿಗೆ, ಮಿಸೌರಿ ರಾಜ್ಯದ ಕಡೆಗೆ ಇಳಿದರೆ ನೆಲ ಏರಿಳಿಯುತ್ತದೆ, ಜೇಡಿ ಹೆಚ್ಚುತ್ತದೆ. ಉತ್ತರದ ಹೊಲಗಳಷ್ಟು ಧೈರ್ಯವಾಗಿ ಅಲ್ಲಿ ನೇಗಿಲು ಹಾಕಲಾಗದು. ಅಲ್ಲಿ ಒಕ್ಕಲುತನದ ಬೆನ್ನೆಲುಬು ಹುಲ್ಲು, ಹುಲ್ಲಿನ ಮೇಲೆ ಹಸು. ಹಾಲಿನ ಹಸುವಲ್ಲ, ಮಾಂಸದ ತಳಿ. ಯಜಮಾನರ ಮನೆಯಲ್ಲಿ ಇದ್ದದ್ದು ಆಂಗಸ್: ಸ್ಕಾಟ್ಲೆಂಡಿನ ಮೂಲ, ಕೊಂಬಿಲ್ಲದ ತಲೆ, ಮಿರಮಿರ ಕಪ್ಪು. 1873ರಲ್ಲಿ ಜಾರ್ಜ್ ಗ್ರಾಂಟ್ ಎಂಬವರು ಕಾನ್ಸಾಸ್‌ನ ವಿಕ್ಟೋರಿಯಾಕ್ಕೆ ನಾಲ್ಕು ಆಂಗಸ್ ಹೋರಿಗಳನ್ನು ತಂದರು. ಹತ್ತು ವರ್ಷದಲ್ಲಿ, 1883ಕ್ಕೆ, ತಳಿಯ ಸಂಘವೇ ಹುಟ್ಟಿತು. ಇಂದು ಅದರ ಕಚೇರಿ ಮಿಸೌರಿಯ ಸೇಂಟ್ ಜೋಸೆಫ್‌ನಲ್ಲಿದೆ. ಹುಟ್ಟಿದ ಪ್ರತಿ ಶುದ್ಧತಳಿ ಕರುವಿನ ಅಪ್ಪ, ಅಮ್ಮ, ಅಜ್ಜ, ಮುತ್ತಜ್ಜಿ ಎಲ್ಲವೂ ಸಂಘದ ವಂಶಾವಳಿ ಪುಸ್ತಕದಲ್ಲಿ ದಾಖಲಾಗುತ್ತವೆ.

ಯಜಮಾನರ ಅಪ್ಪ 1950ರ ದಶಕದಲ್ಲಿ ಒಂದು ಪಾಠ ಕಲಿತಿದ್ದರು. ಆಗ ಜಾತ್ರೆಯ ಕಣದಲ್ಲಿ ಗೆಲ್ಲುತ್ತಿದ್ದದ್ದು ಗಿಡ್ಡ ಕಾಲಿನ, ದುಂಡನೆಯ, ನೆಲಕ್ಕೆ ಅಂಟಿದಂತೆ ಕಾಣುವ ದನ. ತೀರ್ಪುಗಾರರಿಗೆ ಅದೇ ಚೆಂದ, ಆದ್ದರಿಂದ ಎಲ್ಲರಿಗೂ ಅಂಥ ಹೋರಿಯೇ ಬೇಕು. ಸ್ವಲ್ಪ ಕಾಲದಲ್ಲಿ ಹೆರ್‌ಫರ್ಡ್ ಮತ್ತು ಆಂಗಸ್ ಹಿಂಡುಗಳಲ್ಲಿ ಕುಬ್ಜ ಕರುಗಳು ಹುಟ್ಟತೊಡಗಿದವು. ಉಬ್ಬಿದ ಹಣೆ, ಮೊಟಕು ಮೂತಿ, ಉಸಿರೆಳೆದರೆ ಗೊರಗೊರ ಸದ್ದು. ದೋಷದ ವಂಶವಾಹಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ಪ್ರತಿ ಸೇರಿದರೆ ಕುಬ್ಜ. ಒಂದೇ ಪ್ರತಿ ಇದ್ದ ಪ್ರಾಣಿ, ಅಂದರೆ ವಾಹಕ, ಸ್ವಲ್ಪ ಗಿಡ್ಡಗೆ, ಗಟ್ಟಿಮುಟ್ಟಾಗಿ ಕಾಣುತ್ತದೆಂದು ಆಗ ಹಲವರು ನಂಬಿದ್ದರು. ಅದು ನಿಜವಾಗಿದ್ದರೆ ಬಹುಮಾನ ಕೊಡುತ್ತಿದ್ದದ್ದೇ ರೋಗದ ವಾಹಕಕ್ಕೆ. ನೆರೆಹೊರೆಯಲ್ಲಿ ಕುಬ್ಜ ಕರು ಹುಟ್ಟಿದರೆ ರಾತ್ರಿಯೇ ಹೂತು ಬಾಯಿ ಮುಚ್ಚಿಕೊಳ್ಳುವುದು ವಾಡಿಕೆ. ಕರುವನ್ನು ಹೂತರೆ ಹೆಸರು ಉಳಿಯುತ್ತದೆ ಎಂಬ ಲೆಕ್ಕ.

ಅಪ್ಪ ಹಾಗೆ ಮಾಡಲಿಲ್ಲ. ಆಗ ರಕ್ತ ಪರೀಕ್ಷೆಯಿರಲಿಲ್ಲ, ಇದ್ದದ್ದು ಕರು ಹುಟ್ಟಿಸಿ ನೋಡುವ ಪರೀಕ್ಷೆ ಮಾತ್ರ. ಕುಬ್ಜ ಕರು ಹಾಕಿದ ಹಸುಗಳನ್ನು ಕಸಾಯಿಗೆ ಕಳಿಸದೆ ಹಿಂದಿನ ಹುಲ್ಲುಗಾವಲಿನಲ್ಲಿ ಉಳಿಸಿಕೊಂಡರು. ಹೊಸ ಹೋರಿ ಬಂದರೆ ಮೊದಲು ಆ ಹಸುಗಳ ಮೇಲೆ ಬಿಡುವುದು. ಹೋರಿ ವಾಹಕವಾಗಿದ್ದರೆ ನಾಲ್ಕರಲ್ಲಿ ಒಂದು ಕರು ಕುಬ್ಜವಾಗುವ ಸಂಭವವಿದೆ. ಅಂಥ ಹೋರಿಗೆ ಹದಿನಾರು ಕರುಗಳೂ ಸಾಲಾಗಿ ಸರಿಯಾಗಿ ಹುಟ್ಟುವ ಸಾಧ್ಯತೆ ನೂರಕ್ಕೆ ಒಂದು. ಹೋರಿಯನ್ನು ಅದರ ಸ್ವಂತ ಮಗಳಂದಿರ ಮೇಲೆಯೇ ಬಿಟ್ಟು ಅಷ್ಟೇ ಭರವಸೆ ಪಡೆಯಬೇಕೆಂದರೆ ಮೂವತ್ತೈದು ಕರು ಬೇಕು. ಗಣಿತ ಗೊತ್ತಿದ್ದ ಒಕ್ಕಲಿಗ ಆತ. ಈ ಪರೀಕ್ಷೆಯಲ್ಲಿ ಗೆದ್ದ ಹೋರಿಗಳಿಂದ ಕಟ್ಟಿದ ಒಂದು ಹಸು-ಕುಲ ಮನೆಯ ಹೆಮ್ಮೆಯಾಯಿತು. ಅದನ್ನು ಇಲ್ಲಿ ಅಜ್ಜಿಸಾಲು ಎನ್ನುತ್ತೇನೆ. ಮುಂದೆ ಈ ಅಜ್ಜಿಸಾಲೇ ಕಥೆಯ ನೋವಿನ ಜಾಗ.

ಯಜಮಾನರು ಹಿಂಡನ್ನು ಕೈಗೆತ್ತಿಕೊಂಡದ್ದು 1970ರ ದಶಕದ ಕೊನೆಗೆ. ನೆಲದ ಬೆಲೆ ಏರುತ್ತಿತ್ತು, ಬ್ಯಾಂಕಿನವರು ಮನೆಗೇ ಬಂದು ಸಾಲ ಕೊಡುತ್ತಿದ್ದರು. ಪಕ್ಕದ ತೋಟ ಮಾರಾಟಕ್ಕೆ ಬಂದಾಗ ಅಪ್ಪ ಕೊಳ್ಳಲು ಬಿಡಲಿಲ್ಲ, ಮಗ ಎರಡು ವರ್ಷ ಮುನಿಸಿಕೊಂಡ. ಆಮೇಲೆ 1980ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ರಫ್ತು ನಿಂತಿತು, ಬಡ್ಡಿ ಶೇಕಡಾ 20ನ್ನು ದಾಟಿತು. ಅಯೋವಾದ ಎಕರೆಯೊಂದರ ಸರಾಸರಿ ಬೆಲೆ 1981ರಲ್ಲಿ 2,147 ಡಾಲರ್ ಇದ್ದದ್ದು 1986ಕ್ಕೆ 787 ಡಾಲರಿಗೆ ಇಳಿಯಿತು. ಸಾಲ ಮಾಡಿ ನೆಲ ಕೊಂಡವರ ಅಂಗಳದಲ್ಲಿ ಹರಾಜಿನ ಕೂಗು. ಆ ಹತ್ತು ವರ್ಷದಲ್ಲಿ ಯಜಮಾನರು ಬದುಕುಳಿದದ್ದು ಬುದ್ಧಿವಂತಿಕೆಯಿಂದಲ್ಲ, ಅಪ್ಪನ ಹಠದಿಂದ. ಇದನ್ನು ಅವರೇ ಒಪ್ಪುತ್ತಾರೆ. ಆದರೆ ಆ ಅನುಭವ ಅವರಲ್ಲಿ ಒಂದು ಗುಣವನ್ನು ಗಟ್ಟಿ ಮಾಡಿತು: ಅಪಾಯ ಕಂಡರೆ ತಟ್ಟನೆ ಕೈಬಿಡುವುದು, ನಷ್ಟವನ್ನು ಬೇಗ ನುಂಗಿ ಮುಗಿಸುವುದು. ಸಾಲದ ವಿಷಯದಲ್ಲಿ ಅವರನ್ನು ಕಾಪಾಡಿದ ಗುಣ ಇದು. ಹಿಂಡಿನ ವಿಷಯದಲ್ಲಿ ಇದೇ ತಿರುಗಿ ಹೊಡೆಯಿತು.

ನೆಲ ಬೆಳೆಸಲು ಆಗದವರು ತಳಿ ಬೆಳೆಸಿದರು ಎನ್ನಬಹುದು. 1990ರ ದಶಕಕ್ಕೆ ಹಿಂಡಿನಲ್ಲಿ ನೂರಿಪ್ಪತ್ತರ ಆಸುಪಾಸು ನೋಂದಾಯಿತ ಹಸುಗಳು. ಫೆಬ್ರವರಿಯ ಹಿಮದಲ್ಲಿ ಕರು ಹಾಕಲು ಶುರುವಾದರೆ ಏಪ್ರಿಲ್‌ವರೆಗೆ ಮನೆಯಲ್ಲಿ ಯಾರಿಗೂ ಪೂರ್ತಿ ನಿದ್ದೆಯಿಲ್ಲ. ಅಂಗಿ ಜೇಬಿನಲ್ಲಿ ಕೆಂಪು ರಟ್ಟಿನ ಪುಟ್ಟ ಪುಸ್ತಕ. ಕರುವಿನ ಕಿವಿಯೋಲೆ ಸಂಖ್ಯೆ, ತೂಕ, ಹೆರಿಗೆ ಸಲೀಸೋ ಎಳೆಯಬೇಕಾಯಿತೋ, ತಾಯಿ ತಕ್ಷಣ ನೆಕ್ಕಿತೋ ಇಲ್ಲವೋ, ಎಲ್ಲ ಅದರಲ್ಲಿ. ಮಾರ್ಚಿನಲ್ಲಿ ಹೋರಿಗಳ ಹರಾಜು. ಸುತ್ತಲಿನ ಸಾಮಾನ್ಯ ಹಿಂಡಿನ ರೈತರೇ ಗಿರಾಕಿಗಳು. ಕರುವಿನ ತೂಕ, ಬೆಳವಣಿಗೆ, ಮಾಂಸದ ಗುಣ, ಇವುಗಳ ಮೇಲೆ ಸಂಘ ಪ್ರತಿ ಹೋರಿಗೂ ಅಂಕಿಗಳನ್ನು ಕಟ್ಟಿ ಪ್ರಕಟಿಸುತ್ತಿತ್ತು, ಅದರ ಮಕ್ಕಳು ಹೇಗಿರಬಹುದೆಂಬ ಅಂದಾಜು. ಜಾತ್ರೆಯ ಕಣ್ಣಂದಾಜಿಗಿಂತ ಇದು ಎಷ್ಟೋ ಪಾಲು ಮೇಲು. ಈ ವಿಜ್ಞಾನದ ಬೇರು ಇರುವುದೂ ಅಯೋವಾದಲ್ಲೇ: ಏಮ್ಸ್‌ನ ಅಯೋವಾ ಸ್ಟೇಟ್‌ನಲ್ಲಿ ದಶಕಗಳ ಕಾಲ ಕಲಿಸಿದ ಜೇ ಲಷ್ ಅವರನ್ನು ಆಧುನಿಕ ಪಶುತಳಿಶಾಸ್ತ್ರದ ಪಿತಾಮಹ ಎನ್ನುತ್ತಾರೆ.

ಅಂಕಿಗಳ ಪಟ್ಟಿಯಲ್ಲಿ ಮೇಲೆ ನಿಂತ ಹೋರಿಗಳಲ್ಲಿ ಒಂದು 1990ರಲ್ಲಿ ಹುಟ್ಟಿದ ‘ಪ್ರಿಸಿಶನ್ 1680’ (ಮುಂದೆ 1680 ಎಂದಷ್ಟೇ). ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಕೂತ ಅದರ ವೀರ್ಯದ ಕಡ್ಡಿಗಳು ದೇಶದ ಮೂಲೆಮೂಲೆಗೂ ಹೋದವು. ಯಜಮಾನರೂ ತರಿಸಿದರು. ಮಗಳಂದಿರು ಚೆನ್ನಾಗಿ ಬಂದರು. ಹಾಗಾಗಿ ಅದರ ಗಂಡುಮಕ್ಕಳನ್ನೂ ಬಳಸಿದರು, ಆಮೇಲೆ ಮೊಮ್ಮಕ್ಕಳನ್ನೂ. ಒಳ್ಳೆಯದು ಕಂಡಾಗ ಅದನ್ನೇ ಅಪ್ಪನ, ಅಮ್ಮನ ಎರಡು ಕಡೆಯಿಂದ ತುಂಬುವುದು ತಳಿಗಾರರ ಹಳೆಯ ಪದ್ಧತಿ. ಅಜ್ಜಿಸಾಲಿಗೆ ಮಾತ್ರ 1680ನ್ನು ಬೆರೆಸಲಿಲ್ಲ. ಆ ಸಾಲಿಗೆ 1980ರ ದಶಕದಲ್ಲೇ ಇನ್ನೊಂದು ಹೆಸರಾಂತ ಹೋರಿ ‘ರೀಟೊ 9ಜೆ9’ರ ಒಬ್ಬ ಮಗನನ್ನು ತಂದಿದ್ದರು. ಈ 9ಜೆ9 ಹೋರಿ 1680ರ ತಾಯಿಯ ತಂದೆ. ಇದು ಅವರಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ವಂಶಾವಳಿಯಲ್ಲಿ ಒಂದು ದೊಡ್ಡ ಹೆಸರು ಎರಡು ಕಡೆ ಕಂಡರೆ ಹರಾಜಿನಲ್ಲಿ ಬೆಲೆ ಏರುತ್ತಿತ್ತು.

ಸಮಸ್ಯೆ

2000ದ ದಶಕದ ಮಧ್ಯದ ಒಂದು ಮಾರ್ಚಿನಲ್ಲಿ ಸತ್ತ ಕರುವೊಂದು ಹುಟ್ಟಿತು. ಸಣಕಲು ಮೈ, ಮಾಂಸವೇ ಇಲ್ಲದಂತೆ. ಬೆನ್ನುಮೂಳೆ ತಿರುಚಿತ್ತು, ಕಾಲುಗಳು ಮರದ ಕೊರಡಿನಂತೆ ಸೆಟೆದಿದ್ದವು. ಸ್ಥಳೀಯ ವೈದ್ಯರು ಹೊಳೆದಂಡೆಯಲ್ಲಿ ಬೆಳೆದಿದ್ದ ಹೆಮ್ಲಾಕ್ ಕಳೆಯ ಮೇಲೆ ಬೆರಳಿಟ್ಟರು. ಅನುಮಾನಕ್ಕೆ ಆಧಾರವಿತ್ತು: ಗಬ್ಬದ ಮೊದಲ ತಿಂಗಳುಗಳಲ್ಲಿ ಹಸು ಆ ವಿಷಗಿಡ ತಿಂದರೆ ಕರುವಿನ ಕೀಲುಗಳು ಹೀಗೆಯೇ ಸೊಟ್ಟಗಾಗುತ್ತವೆ. ಹೊಳೆಗೆ ಬೇಲಿ ಹಾಕಿದರು. ಮರುವರ್ಷ ಇನ್ನೊಂದು ಅಂಥದೇ ಕರು, ಬೇಲಿಯ ಈಚೆ ಮೇಯ್ದ ಹಸುವಿಗೆ.

ಹೆಚ್ಚಿನವರು ಇಲ್ಲಿ ತಪ್ಪುತ್ತಾರೆ. ನೂರಿಪ್ಪತ್ತು ಹಸುಗಳಲ್ಲಿ ವರ್ಷಕ್ಕೊಂದು ವಿಕಾರ ಕರು ಯಾರ ನಿದ್ದೆಯನ್ನೂ ಕೆಡಿಸುವ ಸಂಖ್ಯೆಯಲ್ಲ. ಮಂಜಿಗೆ, ಭೇದಿಗೆ, ಕಷ್ಟದ ಹೆರಿಗೆಗೆ ಅದಕ್ಕಿಂತ ಹೆಚ್ಚು ಕರುಗಳು ಹೋಗುತ್ತವೆ. ಯಜಮಾನರು ಕೆಂಪು ಪುಸ್ತಕದಲ್ಲಿ ‘ಸತ್ತಿದೆ’ ಎಂದಷ್ಟೇ ಬರೆದು ಬಿಟ್ಟಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಅವರು ತೂಕ ಬರೆದಿದ್ದರು, ಬೆನ್ನಿನ ಆಕಾರ ಬರೆದಿದ್ದರು, ಒಂದು ಒರಟು ಚಿತ್ರವನ್ನೂ ಗೀಚಿದ್ದರು. ಎರಡನೆಯ ಕರು ಬಂದಾಗ ಹಿಂದಿನ ವರ್ಷದ ಪುಟ ತೆಗೆದು ಪಕ್ಕದಲ್ಲಿಟ್ಟರು. ಎರಡೂ ಹಗುರ, ಎರಡೂ ಒಂದೇ ಬಗೆಯ ತಿರುಚು. ಎರಡರ ವಂಶಾವಳಿಯನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿದರೆ ಅಪ್ಪನ ಕಡೆಯೂ ಅಮ್ಮನ ಕಡೆಯೂ ಒಂದೇ ಹೆಸರಿಗೆ ಹೋಗಿ ಸೇರುತ್ತಿದ್ದವು. ಕುಬ್ಜ ಕರುಗಳ ಕಾಲದ ಮಗನಿಗೆ ಇದನ್ನು ಓದಲು ಯಾರೂ ಕಲಿಸಬೇಕಿರಲಿಲ್ಲ.

ಮೂರನೆಯ ಕರು ಹುಟ್ಟಿದಾಗ ಮನೆಯಲ್ಲಿ ವಾದ ನಡೆಯಿತು. ಹರಾಜು ಹತ್ತಿರದಲ್ಲಿದೆ, ಸುಮ್ಮನಿರೋಣ ಎಂದು ಮಗ. ಆತ ಹೇಳಿದ್ದರಲ್ಲಿ ಹುರುಳಿಲ್ಲದಿರಲಿಲ್ಲ: ಸಾಬೀತಾಗದ ಅನುಮಾನವನ್ನು ಹೊರಗೆ ಹಾಕಿದರೆ ದೇಶವೆಲ್ಲ ಬಳಸಿದ ಹೋರಿಯ ದೋಷಕ್ಕೆ ತಮ್ಮ ತೋಟದ ಹೆಸರು ಅಂಟಿಕೊಳ್ಳುತ್ತದೆ. ಯಜಮಾನರು ಕರುವನ್ನು ಮಂಜುಗಡ್ಡೆಯಲ್ಲಿಟ್ಟು ವಿಶ್ವವಿದ್ಯಾಲಯದ ರೋಗಪತ್ತೆ ಪ್ರಯೋಗಾಲಯಕ್ಕೆ ಕಳಿಸಿದರು. ಈ ಪ್ರಕರಣದಲ್ಲಿ ಅವರು ಮಾಡಿದ ಅತಿ ದೊಡ್ಡ ಕೆಲಸ ಇದೇ ಎಂಬುದು ನನ್ನ ಅಭಿಪ್ರಾಯ. ಒಬ್ಬರ ಹೊಲದ ಒಂದು ಕರುವಿನಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಬೇರೆ ಬೇರೆ ರಾಜ್ಯಗಳಿಂದ ಇಂಥ ಕೆಲವರು ಹೂಳದೆ ಕಳಿಸಿದ್ದರಿಂದಲೇ ನೆಬ್ರಾಸ್ಕಾ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಡೇವಿಡ್ ಸ್ಟೆಫನ್ ಅವರ ಮುಂದೆ ಹೋಲಿಸಲು ಸಾಕಾಗುವಷ್ಟು ಮಾದರಿಗಳು ಸೇರಿದವು.

2008ರ ಸೆಪ್ಟೆಂಬರಿನಲ್ಲಿ ಸಂಘ ವಿಷಯವನ್ನು ಬಹಿರಂಗಪಡಿಸಿತು. ಕಾಯಿಲೆಯ ಹೆಸರು ಆರ್ಥ್ರೊಗ್ರೈಪೋಸಿಸ್ ಮಲ್ಟಿಪ್ಲೆಕ್ಸ್. ರೈತರ ಬಾಯಲ್ಲಿ ಸುರುಳಿಕರು. ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಬೀವರ್ ಕೆಲವೇ ವಾರಗಳಲ್ಲಿ ಡಿಎನ್‌ಎ ಪರೀಕ್ಷೆ ಸಿದ್ಧಪಡಿಸಿದರು. ದೋಷದ ಎಳೆ ಹಿಂದೆ ಹೋಗಿ ನಿಂತದ್ದು 9ಜೆ9 ಹೋರಿಯ ಬಳಿ. ಹೆಚ್ಚು ಹರಡಿದ್ದು ಮೊಮ್ಮಗ 1680ರ ಮೂಲಕ. ಒಂದು ಪ್ರತಿ ಹೊತ್ತ ಪ್ರಾಣಿಗೆ ಏನೂ ಆಗುವುದಿಲ್ಲ. ಎರಡು ಪ್ರತಿ ಸೇರಿದ ಕರು ಬದುಕುವುದಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದೋಷ ಯಾರ ಕಣ್ಣಿಗೂ ಬೀಳದೆ ಓಡಾಡಿದ್ದು ಹೀಗೆ: ಮೊದಮೊದಲು ವಾಹಕ ಹೋರಿಗೆ ವಾಹಕ ಹಸು ಸಿಗುವುದೇ ಅಪರೂಪ. ಎಲ್ಲರೂ ಅದೇ ರಕ್ತವನ್ನು ಎರಡು ಕಡೆಯಿಂದ ತುಂಬತೊಡಗಿದ ಮೇಲೆ ಮಾತ್ರ ಎರಡು ಪ್ರತಿಗಳು ಒಂದು ಗರ್ಭದಲ್ಲಿ ಸಂಧಿಸಿದವು.

ಏನು ಮಾಡಿದರು

ಪ್ರತಿ ಹಸುವಿನ ಬಾಲದ ಕೂದಲನ್ನು ಬುಡಸಮೇತ ಕಿತ್ತು ಲಕೋಟೆಗೆ ಹಾಕಿ ಕಳಿಸಿದರು. ಅಕ್ಟೋಬರ್, ನವೆಂಬರ್ ಎಂದರೆ ಮೆಕ್ಕೆಜೋಳ ಕೊಯ್ಲಿನ ಕಾಲ. ಹಗಲು ಯಂತ್ರದ ಮೇಲೆ, ರಾತ್ರಿ ಕೊಟ್ಟಿಗೆಯಲ್ಲಿ. ಫಲಿತಾಂಶ ಬಂದಾಗ ಹೆಚ್ಚುಕಡಿಮೆ ಮೂರು ಹಸುಗಳಲ್ಲಿ ಒಂದು ವಾಹಕ. 1680ರ ಕಡೆಯ ಹಸುಗಳಲ್ಲಿ ಕೆಲವು ದೋಷಮುಕ್ತ, ಕೆಲವು ವಾಹಕ. ಅಜ್ಜಿಸಾಲಿನಲ್ಲಿ ಅರ್ಧಕ್ಕೂ ಹೆಚ್ಚು ವಾಹಕ. ಅಪ್ಪ ಹದಿನಾರು ಕರುಗಳ ಪರೀಕ್ಷೆ ಮಾಡಿ ಕಟ್ಟಿದ ಸಾಲು ಅದು; ಆದರೆ ಅಪ್ಪ ಹುಡುಕಿದ್ದು ಕುಬ್ಜತನದ ದೋಷವನ್ನು. ಹುಡುಕದೆ ಇದ್ದ ದೋಷ ಆಮೇಲೆ, ಮಗನ ಕಾಲದಲ್ಲಿ, ಒಳಗೆ ಬಂದಿತ್ತು.

ಅವರ ಮುಂದೆ ಮೂರು ದಾರಿಗಳಿದ್ದವು. ವಾಹಕ ಹಸುಗಳನ್ನೆಲ್ಲ ಮಾಂಸಕ್ಕೆ ಮಾರುವುದು ಒಂದು. ಒಳ್ಳೆಯ ವಾಹಕ ಹಸುಗಳನ್ನು ಉಳಿಸಿಕೊಂಡು ಮುಕ್ತ ಹೋರಿಗಳ ಬೀಜ ಹಾಕಿಸಿ, ಹುಟ್ಟುವ ಕರುಗಳನ್ನು ಪರೀಕ್ಷಿಸಿ, ಮುಕ್ತವಾದ ಅರ್ಧವನ್ನಷ್ಟೇ ತಳಿಗೆ ಬಿಡುವುದು ಇನ್ನೊಂದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ: ಪರೀಕ್ಷೆ ಕಡ್ಡಾಯವಾಗುವ ಮುನ್ನ ಅನುಮಾನದ ದನಗಳನ್ನು ದೂರದ ಸಂತೆಯಲ್ಲಿ ಕೈತೊಳೆದುಕೊಳ್ಳುವುದು. ವಿಶ್ವವಿದ್ಯಾಲಯದ ವಿಸ್ತರಣಾ ತಜ್ಞರು ಎರಡನೆಯದನ್ನು ಹೇಳಿದರು. ಯಜಮಾನರು ಮೊದಲನೆಯದನ್ನು ಆರಿಸಿದರು. ನಷ್ಟವನ್ನು ಬೇಗ ನುಂಗಿ ಮುಗಿಸುವ ಹಳೆಯ ಗುಣ. ಅದೂ ಹಣಕಾಸಿನ ಕುಸಿತದಿಂದ ದನದ ಬೆಲೆ ಬಿದ್ದಿದ್ದ 2008ರ ಕೊನೆಯಲ್ಲಿ. ಮೂವತ್ತಕ್ಕೂ ಹೆಚ್ಚು ಹಸುಗಳು ಹೋದವು, ಅಜ್ಜಿಸಾಲಿನ ಒಳ್ಳೆಯ ತಾಯಂದಿರೆಲ್ಲ ಅವುಗಳಲ್ಲಿದ್ದರು.

ಇದು ಕೋಪದ ನಿರ್ಧಾರ ಎಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ಅದನ್ನು ಶುದ್ಧತೆಯ ಪ್ರಶ್ನೆಯಾಗಿ ನೋಡಿದರು: ವಾಹಕ ಎಂದರೆ ಕೆಟ್ಟ ಹಸು. ಆದರೆ ಆ ಹಸುವಿನಲ್ಲಿ ಕೆಟ್ಟದ್ದು ಒಂದು ವಂಶವಾಹಿಯ ಒಂದು ಪ್ರತಿ ಮಾತ್ರ. ಉಳಿದ ಸಾವಿರಾರು, ಅಂದರೆ ಸಲೀಸು ಹೆರಿಗೆ, ಗಟ್ಟಿ ಗೊರಸು, ಬರಗಾಲದಲ್ಲೂ ಮೈ ಉಳಿಸಿಕೊಳ್ಳುವ ಶಕ್ತಿ, ಎರಡು ತಲೆಮಾರು ಆರಿಸಿ ಕೂಡಿಸಿದ್ದು.

ಗಿರಾಕಿಗಳ ವಿಷಯದಲ್ಲಿ ಮಾತ್ರ ಅವರ ನಡೆ ಬೇರೆ ಥರ. ಆ ಚಳಿಗಾಲದಲ್ಲಿ ಹಳೆಯ ಹರಾಜಿನ ಪುಸ್ತಕಗಳನ್ನು ತೆಗೆದು, ತಮ್ಮಿಂದ ಹೋರಿ ಕೊಂಡ ಪ್ರತಿಯೊಬ್ಬರಿಗೂ ತಾವೇ ಫೋನು ಮಾಡಿದರು. ನಿಮ್ಮ ಹೋರಿ ವಾಹಕವಾಗಿರಬಹುದು, ಪರೀಕ್ಷೆಯ ಖರ್ಚು ನನ್ನದು, ವಾಹಕವಾದರೆ ಮುಂದಿನ ಮಾರ್ಚಿನಲ್ಲಿ ಬದಲಿ ಹೋರಿ. ಪ್ರತಿಕ್ರಿಯೆ ಬಗೆಬಗೆ. ಹೆರ್‌ಫರ್ಡ್ ಹಸುಗಳ ಮೇಲೆ ಹೋರಿ ಬಿಟ್ಟಿದ್ದ ಒಬ್ಬರು ನಕ್ಕುಬಿಟ್ಟರು, ಅವರ ಹಿಂಡಿನಲ್ಲಿ ಆ ದೋಷವೇ ಇಲ್ಲದ್ದರಿಂದ ಸುರುಳಿಕರು ಹುಟ್ಟುವಂತಿಲ್ಲ. ಅವರ ಲೆಕ್ಕ ಸರಿಯಾಗಿತ್ತು. ಇಪ್ಪತ್ತು ವರ್ಷ ಇವರಿಂದಲೇ ಹೋರಿ ಕೊಂಡು, ಅವುಗಳ ಮಗಳಂದಿರನ್ನೇ ಹಸುಗಳಾಗಿ ಉಳಿಸಿಕೊಂಡಿದ್ದ ಇನ್ನೊಬ್ಬರ ಸ್ಥಿತಿ ತಲೆಕೆಳಗು: ಅತಿ ನಿಷ್ಠ ಗಿರಾಕಿಗೇ ಅತಿ ಹೆಚ್ಚು ಅಪಾಯ. ಆತ ಎರಡು ವರ್ಷ ಹಿಂದೆ ತನ್ನಲ್ಲೂ ಅಂಥ ಕರು ಹುಟ್ಟಿತ್ತೆಂದು ಆಗ ಬಾಯಿಬಿಟ್ಟ. ಯಜಮಾನರ ಮನಸ್ಸು ನೋಯಬಾರದೆಂದು ಹೇಳಿರಲಿಲ್ಲವಂತೆ. ಕೆಲವರು ಫೋನು ಇಟ್ಟು ಮತ್ತೆ ಬರಲೇ ಇಲ್ಲ. 2009ರ ಮಾರ್ಚಿನ ಹರಾಜಿನ ಪುಸ್ತಿಕೆಯಲ್ಲಿ ಪ್ರತಿ ಹೋರಿಯ ಹೆಸರಿನ ಪಕ್ಕದಲ್ಲೂ ಪರೀಕ್ಷೆಯ ಫಲಿತಾಂಶ ಅಚ್ಚಾಗಿತ್ತು; ವಾಹಕ ಗಂಡುಗಳನ್ನು ಬೀಜ ಒಡೆಸಿ ಕೊಬ್ಬಿಸುವ ಕಣಕ್ಕೆ ಕಳಿಸಿಯಾಗಿತ್ತು. ಜನ ಕಡಿಮೆ, ಬೆಲೆ ಕಡಿಮೆ. ಬದಲಿ ಹೋರಿಗಳನ್ನು ಕೊಟ್ಟ ಮೇಲೆ ಆ ವರ್ಷ ಲಾಭದ ಮಾತೇ ಇರಲಿಲ್ಲ.

ಎರಡನೆಯ ಪೆಟ್ಟು

ಖಾಲಿಯಾದ ಜಾಗ ತುಂಬಬೇಕಿತ್ತು. ಯಜಮಾನರು ಸುರುಳಿಕರುವಿನ ದೋಷದಿಂದ ಮುಕ್ತ ಎಂದು ಪರೀಕ್ಷೆಯಾದ, 1680ರ ಮೊಮ್ಮಗನಾದ ಒಂದು ಹೋರಿಯ ಮೇಲೆ ಭರವಸೆಯಿಟ್ಟರು. ಅಂಕಿಗಳು ಅತ್ಯುತ್ತಮ, ಕಾಗದ ಶುದ್ಧ. 2009ರ ಮೇ ತಿಂಗಳಲ್ಲಿ ಉಳಿದ ಹಸುಗಳಲ್ಲಿ ಬಹುಪಾಲಿಗೆ ಅದರದೇ ಬೀಜ. ಕಡ್ಡಿಗಳು ಖಾಲಿಯಾದ ಬೆನ್ನಿಗೇ ಎರಡನೆಯ ಸುದ್ದಿ ಬಂತು: ನ್ಯೂರೋಪಥಿಕ್ ಹೈಡ್ರೊಸೆಫಲಸ್. ತಲೆ ಚೆಂಡಿನಂತೆ ಊದಿ, ಒಳಗೆ ಮಿದುಳಿನ ಜಾಗದಲ್ಲಿ ನೀರು. ಕರು ಸತ್ತೇ ಹುಟ್ಟುತ್ತದೆ. ಇದರ ಎಳೆ 9ಜೆ9ವರೆಗೆ ಹೋಗಲಿಲ್ಲ, 1680ರಲ್ಲೇ ನಿಂತಿತು.

ಲೆಕ್ಕ ಇಲ್ಲಿ ಕ್ರೂರ. 1680ರಲ್ಲಿ ಎರಡೂ ದೋಷಗಳ ಒಂದೊಂದು ಪ್ರತಿ ಇದ್ದವು, ಬೇರೆ ಬೇರೆ ವರ್ಣತಂತುಗಳ ಮೇಲೆ. ಒಂದು ಮಗನಿಗೆ ಮೊದಲನೆಯದು ಬಂದಿಲ್ಲ ಎಂದಾಕ್ಷಣ ಎರಡನೆಯದೂ ಬಂದಿಲ್ಲ ಎಂದಾಗುವುದಿಲ್ಲ. ಅದು ಬರುವ ಸಂಭವ ಆಗಲೂ ಅರ್ಧಕ್ಕರ್ಧ. ಯಜಮಾನರು ಶುದ್ಧವೆಂದು ಉಳಿಸಿಕೊಂಡ ಹಸುಗಳಲ್ಲಿ ಹಲವು 1680ರ ಮಗಳು, ಮೊಮ್ಮಗಳು. ನಂಬಿದ ಹೋರಿಯೂ ಅದೇ ರಕ್ತ. ಮತ್ತೆ ಕೂದಲು ಕಿತ್ತರು. ಹೋರಿ ಎರಡನೆಯ ದೋಷದ ವಾಹಕ. ಗಬ್ಬವಾದ ಹಸುಗಳಲ್ಲೂ ಒಂದಷ್ಟು ವಾಹಕ. ಹಿಂದಿನ ಶರತ್ಕಾಲದಲ್ಲಿ ಕಸಾಯಿಗೆ ಹೋದ ಅಜ್ಜಿಸಾಲಿನ ತಾಯಂದಿರಲ್ಲಿ 1680ರ ರಕ್ತ ಇರಲಿಲ್ಲವಾದ್ದರಿಂದ ಈ ಎರಡನೆಯ ದೋಷ ಅವುಗಳಲ್ಲಿ ಇರುವ ದಾರಿಯೇ ಇರಲಿಲ್ಲ. ಒಂದು ದೋಷಕ್ಕೆ ಹೆದರಿ ಅವರು ಕೈಬಿಟ್ಟದ್ದು, ಇನ್ನೊಂದು ದೋಷದಿಂದ ಪಾರು ಮಾಡಬಲ್ಲ ಸಾಲನ್ನು.

ಈ ಸಲ ಮಗ ಹಿಂಡನ್ನೇ ಮಾರಿಬಿಡೋಣ ಎಂದ. ಹುಲ್ಲುಗಾವಲನ್ನು ಉತ್ತು ಮೆಕ್ಕೆಜೋಳ ಹಾಕೋಣ. ಇಥನಾಲ್ ಕಾರ್ಖಾನೆಗಳಿಂದಾಗಿ ಜೋಳಕ್ಕೆ ಬೆಲೆಯೂ ಇತ್ತು. ದಕ್ಷಿಣ ಅಯೋವಾದಲ್ಲಿ ಆ ವರ್ಷಗಳಲ್ಲಿ ಹಲವರು ಅದನ್ನೇ ಮಾಡಿದರು. ಈ ಹಂತದಲ್ಲಿ ಮನೆಯ ಮಗಳು ಮಾತಿಗೆ ಬಂದಳು. ಪಟ್ಟಣದಲ್ಲಿ ಶಾಲೆಯ ಕೆಲಸದಲ್ಲಿದ್ದಳು, ಚಿಕ್ಕಂದಿನಲ್ಲಿ ಕೌಂಟಿ ಜಾತ್ರೆಗೆ ಕಡಸುಗಳನ್ನು ಸಾಕಿ ತೋರಿಸಿದವಳು. ಅವಳ ವಾದ ಸರಳವಾಗಿತ್ತು: ಪರೀಕ್ಷೆಯಿಲ್ಲದ ಕಾಲದಲ್ಲಿ ಅಜ್ಜ ಕುಬ್ಜ ಕರು ಹಾಕಿದ ಹಸುವನ್ನೂ ಇಟ್ಟುಕೊಂಡು ಕೆಲಸಕ್ಕೆ ಹಚ್ಚಿದ, ಪರೀಕ್ಷೆಯಿರುವ ಕಾಲದಲ್ಲಿ ನಾವು ಯಾಕೆ ಮಾರಬೇಕು?

ಯಜಮಾನರು ಗಬ್ಬ ಇಳಿಸಲಿಲ್ಲ, ಹಸು ಮಾರಲಿಲ್ಲ. ವಾಹಕ ಹೋರಿಯಿಂದ ವಾಹಕ ಹಸುವಿಗೆ ನಿಂತ ಗಬ್ಬದಲ್ಲೂ ನಾಲ್ಕರಲ್ಲಿ ಮೂರು ಕರು ಬದುಕುತ್ತವೆ. 2010ರ ವಸಂತದಲ್ಲಿ ಊದಿದ ತಲೆಯ ಕರುಗಳು ಕೆಲವು ಹುಟ್ಟಿದವು. ಒಂದೊಂದನ್ನೂ ತೂಗಿ, ಬರೆದು, ಪ್ರಯೋಗಾಲಯಕ್ಕೆ ಕಳಿಸಿದರು. ಬದುಕಿದ ಕರುಗಳನ್ನೆಲ್ಲ ಎರಡೂ ದೋಷಗಳಿಗೆ ಪರೀಕ್ಷಿಸಿದರು. ವಾಹಕ ಗಂಡುಗಳು ಮಾಂಸಕ್ಕೆ. ವಾಹಕ ಕಡಸುಗಳಲ್ಲಿ ನಿಜಕ್ಕೂ ಒಳ್ಳೆಯವನ್ನು ಇಟ್ಟುಕೊಂಡು, ಮುಂದಿನ ವರ್ಷದಿಂದ ಎರಡೂ ದೋಷಗಳಿಲ್ಲದ, 1680ರ ಹೆಸರೇ ಕಾಣದ ಹೋರಿಗಳ ಬೀಜ. ಅಂಥ ಜೋಡಿಯಲ್ಲಿ ಸಾಯುವ ಕರು ಹುಟ್ಟುವಂತಿಲ್ಲ. ಕರುಗಳಲ್ಲಿ ಅರ್ಧ ಪೂರ್ತಿ ಮುಕ್ತ. ಎರಡು ತಲೆಮಾರಿನಲ್ಲಿ ದೋಷ ಹೊರಗೆ, ಹಸುವಿನ ಉಳಿದ ಗುಣ ಒಳಗೆ. 2008ರಲ್ಲಿ ವಿಸ್ತರಣಾ ತಜ್ಞರು ಹೇಳಿದ್ದೂ ಇದನ್ನೇ.

ಅಜ್ಜಿಸಾಲಿನ ಚೂರು ಸಿಕ್ಕಿದ್ದು ಗಿರಾಕಿಯೊಬ್ಬರ ಹಿಂಡಿನಲ್ಲಿ. ಹಿಂದೆ ಇವರಿಂದ ಎರಡು ಕಡಸು ಕೊಂಡಿದ್ದವರು. ಫೋನಿನ ಸರದಿಯಲ್ಲಿ ಸಿಟ್ಟಾಗದೆ ಪರೀಕ್ಷೆ ಮಾಡಿಸಿದವರಲ್ಲಿ ಅವರೂ ಒಬ್ಬರು. ಅವರ ಹಸುಗಳಲ್ಲಿ ಒಂದು ಮುಕ್ತ, ವಯಸ್ಸಾಗಿತ್ತು. ಅದನ್ನು ಮರಳಿ ಕೊಂಡು, ಭ್ರೂಣ ವರ್ಗಾವಣೆಯಿಂದ ಕೆಲವು ಮಗಳಂದಿರನ್ನು ಪಡೆದರು. ಆ ಫೋನು ಹೋಗದಿದ್ದರೆ ಈ ಹಸು ಎಲ್ಲಿದೆ ಎಂದು ಗೊತ್ತಾಗುತ್ತಿರಲಿಲ್ಲ.

2012ರ ಬರ ಮಧ್ಯಪಶ್ಚಿಮವನ್ನೆಲ್ಲ ಸುಟ್ಟಾಗ ಹುಲ್ಲಿಲ್ಲದೆ ಹಿಂಡನ್ನು ಇನ್ನಷ್ಟು ಇಳಿಸಬೇಕಾಯಿತು. ಆಗ ಯಾವುದನ್ನು ಕಳಿಸಬೇಕು, ಯಾವುದನ್ನು ಉಳಿಸಬೇಕು ಎಂಬುದಕ್ಕೆ ಕೈಯಲ್ಲಿ ಫಲಿತಾಂಶಗಳಿದ್ದವು, ಗಾಬರಿಯಿರಲಿಲ್ಲ. ಉಳಿದದ್ದು ಎಂಬತ್ತರ ಆಸುಪಾಸು. ಹರಾಜಿಗೆ ಬರುವ ಜನ ನಿಧಾನವಾಗಿ ಮರಳಿದರು, ಎಲ್ಲರೂ ಅಲ್ಲ. ಫಲಿತಾಂಶ ಅಚ್ಚು ಹಾಕಿದ್ದಕ್ಕೇ ಹೊಸದಾಗಿ ಬಂದವರೂ ಇದ್ದರು.

ಓದುಗರಿಗೆ ಸಂಬಂಧಿಸಿದ್ದು

ಇದು ಮಾಂಸದ ದನದ ಕಥೆ, ನಮಗೇನು ಎನ್ನುವ ಹಾಗಿಲ್ಲ. ನಮ್ಮ ಊರುಗಳ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಹಸುಗಳ ಹಿಂದೆಯೂ ಇಂಥದೇ ದೊಡ್ಡ ಹೋರಿಗಳ ನೆರಳಿದೆ. ‘ಆಸ್ಬೋರ್ನ್‌ಡೇಲ್ ಐವನ್ಹೋ’ ಎಂಬ ಹೋಲ್‌ಸ್ಟೈನ್ ಹೋರಿಯ ಸಂತತಿಯ ಮೂಲಕ ಜಗತ್ತಿಗೆಲ್ಲ ಹರಡಿದ ಬ್ಲ್ಯಾಡ್ ಎಂಬ ದೋಷದಲ್ಲಿ ಕರುವಿನ ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ತಲುಪಲಾರವು; ಕರು ಮೇಲಿಂದ ಮೇಲೆ ಕಾಯಿಲೆ ಬಿದ್ದು ಸಾಯುತ್ತದೆ. ಅದರ ವಂಶವಾಹಿ ದೋಷವನ್ನು 1992ರಲ್ಲಿ ಗುರುತಿಸಿದ್ದು ಅಯೋವಾದ ಏಮ್ಸ್‌ನ ರಾಷ್ಟ್ರೀಯ ಪಶುರೋಗ ಕೇಂದ್ರದ ಸಂಶೋಧಕರು. ಭಾರತದಲ್ಲಿ ವೀರ್ಯ ಕೇಂದ್ರಗಳ ಎಚ್‌ಎಫ್ ಹೋರಿಗಳಿಗೆ ಈ ಪರೀಕ್ಷೆ ನಿಯಮದಲ್ಲೇ ಇದೆ. ಆದರೆ ಪರೀಕ್ಷೆ ಹುಡುಕುವುದು ಈಗಾಗಲೇ ಹೆಸರಿಟ್ಟ ದೋಷವನ್ನು ಮಾತ್ರ. ಹೆಸರಿಲ್ಲದ ಮುಂದಿನದ್ದು ಮೊದಲು ಕಾಣುವುದು ಯಾವುದೋ ಹಟ್ಟಿಯಲ್ಲಿ, ವಿಕಾರವಾಗಿ ಹುಟ್ಟಿದ ಒಂದು ಕರುವಾಗಿ. ನಮ್ಮಲ್ಲಿ ಅದನ್ನು ಗ್ರಹಣಕ್ಕೋ ದೃಷ್ಟಿಗೋ ಕಟ್ಟಿ ತಿಪ್ಪೆಗುಂಡಿಯಲ್ಲಿ ಹೂಳುತ್ತೇವೆ. ಬೀಜ ಹಾಕಿಸಿದಾಗ ಕಡ್ಡಿಯ ಮೇಲಿನ ಹೋರಿ ಸಂಖ್ಯೆಯನ್ನು ಎಷ್ಟು ಮನೆಗಳಲ್ಲಿ ಬರೆದಿಟ್ಟುಕೊಳ್ಳುತ್ತಾರೆ? ಆ ಸಂಖ್ಯೆ, ಹುಟ್ಟಿದ ದಿನ, ಫೋನಿನಲ್ಲಿ ತೆಗೆದ ಒಂದು ಚಿತ್ರ, ಇಷ್ಟಿದ್ದರೂ ವೈದ್ಯರಿಗೆ ಎಳೆ ಹಿಡಿಯಲು ಸಾಕು.

ಯಜಮಾನರು ಈಗ ಹಿಂಡಿನ ಕೆಲಸವನ್ನು ಮಗಳಿಗೆ ಬಿಟ್ಟಿದ್ದಾರೆ, ಅಭಿಪ್ರಾಯಗಳನ್ನು ಬಿಟ್ಟಿಲ್ಲ. ಅಂಕಿ ಎಷ್ಟೇ ಚೆನ್ನಾಗಿರಲಿ, ಒಂದು ವರ್ಷದಲ್ಲಿ ಹಿಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹಸುಗಳಿಗೆ ಒಂದೇ ಹೋರಿಯ ಬೀಜ ಹಾಕುವಂತಿಲ್ಲ ಎಂಬುದು ಮಗಳ ನಿಯಮ. ಇದರಿಂದ ಪ್ರಗತಿ ನಿಧಾನವಾಗುತ್ತದೆ, ಪಕ್ಕದ ಕೌಂಟಿಯವರು ಅಂಕಿಗಳಲ್ಲಿ ಮುಂದೆ ಹೋಗುತ್ತಾರೆ ಎಂಬುದು ಅಪ್ಪನ ತಕರಾರು. ಅವರ ಮಾತು ಸುಳ್ಳಲ್ಲ: ಹರಾಜಿನ ಪುಸ್ತಿಕೆಯ ಮೊದಲ ಪುಟಕ್ಕೆ ತಕ್ಕ ಹೋರಿ ಕಳೆದ ಕೆಲವು ವರ್ಷಗಳಲ್ಲಿ ಅವರ ಮನೆಯಿಂದ ಬಂದಿಲ್ಲ. ನಡುವಿನ ಪುಟಗಳ ಹೋರಿಗಳು ಮಾತ್ರ ಪ್ರತಿ ಮಾರ್ಚಿನಲ್ಲೂ ಮಧ್ಯಾಹ್ನದೊಳಗೆ ಮಾರಾಟವಾಗುತ್ತಿವೆ.